ಶಸ್ತ್ರಚಿಕಿತ್ಸೆಯ ನಂತರ ಮಗುವಿಗೆ ಏದುಸಿರು: ಅಲ್ಟ್ರಾಸೌಂಡ್‌ನಲ್ಲಿ ವಪೆ ನೋಡುವ ಕೈಪಿಡಿ

ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಕವುಚಿಕೊಂಡಿರುವ ಸ್ನಾಯುವೇ ವಪೆ. ವಾರ್ಡಿನಲ್ಲಿ ಎಲ್ಲರೂ ಡಯಾಫ್ರಮ್ ಎನ್ನುತ್ತಾರೆ. ದೊಡ್ಡವರಲ್ಲಿ ಅದು ಒಂದು ಕಡೆ ಸೋತರೂ ಪಕ್ಕೆಲುಬಿನ ನಡುವಿನ ಸ್ನಾಯುಗಳು, ಕತ್ತಿನ ಸ್ನಾಯುಗಳು ಸೇರಿ ಉಸಿರನ್ನು ಹೇಗೋ ಸಾಗಿಸುತ್ತವೆ. ಒಂದು ವರ್ಷದೊಳಗಿನ ಮಗುವಿಗೆ ಆ ಆಸರೆ ಕಡಿಮೆ. ಅದರ ಪಕ್ಕೆಲುಬುಗಳು ಅಡ್ಡಡ್ಡ ಮಲಗಿರುತ್ತವೆ, ಎದೆಗೂಡು ಮೆದು, ಉಸಿರಿನ ಬಹುಪಾಲು ಭಾರ ವಪೆಯ ಮೇಲೆಯೇ. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ವಪೆಗೆ ಹೋಗುವ ಫ್ರೆನಿಕ್ ನರಕ್ಕೆ ಪೆಟ್ಟು ಬಿದ್ದರೆ ಪುಟ್ಟ ಮಗು ವೆಂಟಿಲೇಟರ್ ಬಿಡಲಾರದೆ ದಿನಗಟ್ಟಲೆ ಮಲಗುವುದು ಇದೇ ಕಾರಣಕ್ಕೆ.

ಇದು ಮಕ್ಕಳ ಐಸಿಯುನಲ್ಲಿ ಪಾಳಿ ಮಾಡುವ ವೈದ್ಯರು, ನರ್ಸ್‌ಗಳು ಮತ್ತು ಫಿಸಿಯೋಥೆರಪಿಸ್ಟ್‌ಗಳಿಗಾಗಿ ಬರೆದದ್ದು. ಮೊದಲೇ ಒಂದು ಮಾತು ಮನಸ್ಸಿನಲ್ಲಿರಲಿ: ಮಗು ತಾನೇ ಎಳೆದುಕೊಂಡ ಉಸಿರಿನಲ್ಲಿ ನೋಡದ ವಪೆಯನ್ನು "ಸರಿಯಾಗಿದೆ" ಎಂದು ಬರೆಯಬಾರದು.

ಇವು ಕಂಡರೆ ಪ್ರೋಬ್ (ಮೈಮೇಲಿಟ್ಟು ನೋಡುವ ಅಲ್ಟ್ರಾಸೌಂಡ್ ಹಿಡಿ) ಕೆಳಗಿಡಿ, ಮೊದಲು ಹಿರಿಯರನ್ನು ಕರೆಯಿರಿ

ಉಸಿರು ನಿಂತು ನಿಂತು ಬರುತ್ತಿದೆ, ಮಗು ನರಳುತ್ತ ತುಟಿ ನೀಲಿಗಟ್ಟುತ್ತಿದೆ, ಎದೆಬಡಿತ ಇಳಿಯುತ್ತಿದೆ, ಎಚ್ಚರವಿದ್ದ ಮಗು ಜೋಲುಬೀಳುತ್ತಿದೆ. ಇಷ್ಟರಲ್ಲಿ ಯಾವುದು ಕಂಡರೂ ಆಮ್ಲಜನಕ, ಮಾಸ್ಕ್, ಉಸಿರಿನ ದಾರಿ ಮೊದಲು; ಸ್ಕ್ಯಾನ್ ಆಮೇಲೆ. ಬಹಳ ಹೊತ್ತು ಏದುಸಿರು ಬಿಟ್ಟ ಮಗು ಇದ್ದಕ್ಕಿದ್ದಂತೆ ಶಾಂತವಾದರೆ ಅದನ್ನು ಸುಧಾರಣೆ ಎಂದುಕೊಳ್ಳಬೇಡಿ. ಸೋತ ಸ್ನಾಯುವಿನ ಲಕ್ಷಣವೂ ಅದೇ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ನೋಡಿ.

ಸ್ಯಾಚುರೇಷನ್ (ರಕ್ತದ ಆಮ್ಲಜನಕದ ಶೇಕಡಾ ಮಟ್ಟ) ಓದುವಾಗ ಆ ಮಗುವಿನ ಸಹಜ ಮಟ್ಟ ಎಷ್ಟೆಂದು ಕೇಳಿಕೊಳ್ಳಿ. ಗ್ಲೆನ್ (ದೇಹದ ಮೇಲ್ಭಾಗದಿಂದ ಮರಳುವ ರಕ್ತವನ್ನು ನೇರ ಶ್ವಾಸಕೋಶಕ್ಕೆ ಜೋಡಿಸುವ ಹೃದಯ ಶಸ್ತ್ರಚಿಕಿತ್ಸೆ) ಅಥವಾ ಶಂಟ್ (ಶ್ವಾಸಕೋಶಕ್ಕೆ ರಕ್ತ ಒಯ್ಯಲು ಹಾಕಿದ ಕೊಳವೆ) ಆದ ಮಗುವಿಗೆ 75ರಿಂದ 85 ಸಹಜವಿರಬಹುದು. ಬೇರೆ ಮಗುವಿಗೆ ಅದೇ ಅಂಕಿ ಅಪಾಯ.

ಅಲ್ಟ್ರಾಸೌಂಡ್ ಯಂತ್ರ ತರುವ ಮುನ್ನ ಮಾಡಬೇಕಾದದ್ದು

ಹೊದಿಕೆ ತೆಗೆದು ಎದೆ-ಹೊಟ್ಟೆ ಎರಡೂ ಕಾಣುವಂತೆ ಮಾಡಿ, ಪೂರ್ತಿ ಒಂದು ನಿಮಿಷ ನೋಡಿ. ಉಸಿರು ಎಣಿಸಿ: 2 ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಮುಟ್ಟಿದರೆ, 2ರಿಂದ 12 ತಿಂಗಳವರೆಗೆ 50, 1ರಿಂದ 5 ವರ್ಷದವರೆಗೆ 40 ಮುಟ್ಟಿದರೆ ಅದು ವೇಗದ ಉಸಿರು. ಹಾಸಿಗೆಯ ತಲೆಭಾಗ 30 ಡಿಗ್ರಿ ಏರಿಸಿ. ಮೂಗಿನ ನಳಿಕೆಯಿಂದ ಹೊಟ್ಟೆಯ ಗಾಳಿ ಎಳೆದು ತೆಗೆಯಿರಿ. ಉಬ್ಬಿದ ಹೊಟ್ಟೆ ಒಳ್ಳೆಯ ವಪೆಯನ್ನೂ ಕೆಳಗಿಳಿಯಲು ಬಿಡದು, ಜೊತೆಗೆ ಎಡಗಡೆಯ ಸ್ಕ್ಯಾನ್ ಕೆಡಿಸುವುದೂ ಅದೇ ಗಾಳಿ.

ನೋವಿನ ಔಷಧ ಕೊಟ್ಟು ಎಷ್ಟು ಹೊತ್ತಾಯಿತು? ಹೊಟ್ಟೆಯ ಮೇಲ್ಭಾಗದಲ್ಲಿ ಅಥವಾ ಎದೆಯಲ್ಲಿ ಹೊಲಿಗೆ ಇದ್ದರೆ ನೋವಿಗೇ ಮಗು ಮೇಲೆ ಮೇಲೆ, ವೇಗವಾಗಿ ಉಸಿರಾಡುತ್ತದೆ. ಮಾರ್ಫಿನ್, ಫೆಂಟನಿಲ್ ಹೆಚ್ಚಾಗಿದ್ದರೆ ಉಸಿರು ನಿಧಾನವಾಗಿರುತ್ತದೆ, ವೇಗವಾಗಿರುವುದಿಲ್ಲ. ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಎದೆಯ ಡ್ರೇನ್ (ನೀರು, ರಕ್ತ ಹೊರಬಿಡುವ ಕೊಳವೆ) ಮಡಚಿಕೊಂಡಿದೆಯೇ, ಹೆಪ್ಪುಗಟ್ಟಿ ಕಟ್ಟಿದೆಯೇ ನೋಡಿ. ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ, ಅಯಾನೀಕೃತ ಕ್ಯಾಲ್ಸಿಯಂ ವರದಿ ತೆರೆಯಿರಿ. ಇವು ಇಳಿದಿದ್ದರೆ ಎರಡೂ ಕಡೆಯ ಸ್ನಾಯು ಬಲಗುಂದುತ್ತದೆ.

ಲಕ್ಷಣ: ಉಸಿರೆಳೆದಾಗ ಎದೆ ಏರುತ್ತದೆ, ಹೊಟ್ಟೆ ಒಳಕ್ಕೆ ಹೋಗುತ್ತದೆ

ಸಹಜ ಉಸಿರಿನಲ್ಲಿ ವಪೆ ಕೆಳಗಿಳಿದು ಹೊಟ್ಟೆಯನ್ನು ಹೊರಕ್ಕೆ ತಳ್ಳುತ್ತದೆ. ಏತದ ಮರದಂತೆ ಒಂದು ಏರಿದಾಗ ಇನ್ನೊಂದು ಇಳಿದರೆ ಎರಡು ಸಾಧ್ಯತೆಗಳಿವೆ. ಮೇಲೆ ಗಂಟಲಿನಲ್ಲಿ ದಾರಿ ಕಟ್ಟಿರಬಹುದು, ಇಲ್ಲವೇ ಕೆಳಗೆ ವಪೆ ಎಳೆಯುತ್ತಿಲ್ಲದಿರಬಹುದು. ಉಸಿರೆಳೆಯುವಾಗ ಕರ್ಕಶ ಶಬ್ದವಿದ್ದರೆ ಗಂಟಲನ್ನು ಮೊದಲು ನೋಡಿ. ಶಬ್ದವಿಲ್ಲದಿದ್ದರೆ ಯಂತ್ರ ತನ್ನಿ.

ಪ್ರೋಬ್: ಪುಟ್ಟ ಮಗುವಿಗೆ 5ರಿಂದ 8 ಮೆಗಾಹರ್ಟ್ಸ್‌ನ ಚಿಕ್ಕ ಬಾಗಿದ ಪ್ರೋಬ್, ದೊಡ್ಡ ಮಗುವಿಗೆ 2ರಿಂದ 5. ಹೃದಯದ ಪ್ರೋಬ್ ಇದ್ದರೂ ಸಾಗುತ್ತದೆ. ಜೆಲ್ ಬೆಚ್ಚಗಿರಲಿ, ಗಾಯದ ಹತ್ತಿರ ಸ್ಟೆರೈಲ್ ಜೆಲ್ ಮತ್ತು ಸ್ಟೆರೈಲ್ ಕವರ್ ಬೇಕೇ ಬೇಕು. ಹೊಸ ಹೊಲಿಗೆ, ಪೇಸಿಂಗ್ ತಂತಿ (ಹೃದಯದ ಬಡಿತ ನಡೆಸಲು ಹಾಕಿದ್ದು), ಡ್ರೇನ್ ಹೊರಬಂದ ಜಾಗ ಬಿಟ್ಟು ಇಡಿ. ಒತ್ತಬೇಡಿ, ಒತ್ತಿದರೆ ನೋವಾಗುತ್ತದೆ, ಮಗು ಅಳುತ್ತದೆ, ಅಳುವ ಮಗುವಿನ ಅಳತೆ ಉಪಯೋಗಕ್ಕೆ ಬರುವುದಿಲ್ಲ.

ಮೊದಲು ಎದೆಮೂಳೆಯ ತುದಿಯ ಕೆಳಗೆ ಪ್ರೋಬನ್ನು ಅಡ್ಡಲಾಗಿಟ್ಟು ತಲೆಯ ಕಡೆಗೆ ಓರೆ ಮಾಡಿ. ಪುಟ್ಟ ಮಕ್ಕಳಲ್ಲಿ ವಪೆಯ ಎರಡೂ ಗುಮ್ಮಟಗಳು (ಎಡ, ಬಲ ಭಾಗಗಳು) ಒಂದೇ ಪರದೆಯಲ್ಲಿ ಹೊಳೆಯುವ ಬಿಳಿ ಕಮಾನುಗಳಾಗಿ ಕಾಣುತ್ತವೆ. ಅಳತೆ ಮಾಡುವ ಮುನ್ನ ಹತ್ತು ಉಸಿರು ಸುಮ್ಮನೆ ನೋಡಿ. ಒಂದು ಕಡೆ ಇಳಿಯುವಾಗ ಇನ್ನೊಂದು ಮೇಲೇರಿದರೆ ಅದು ಇಲ್ಲಿಯೇ ಗೊತ್ತಾಗುತ್ತದೆ, ಅಂಕಿ ಬೇಕಾಗುವುದಿಲ್ಲ.

ಆಮೇಲೆ ಒಂದೊಂದೇ ಕಡೆ. ಬಲಕ್ಕೆ ಪಕ್ಕೆಯಂಚಿನ ಕೆಳಗೆ, ಕೊರಳೆಲುಬಿನ ನಡುವಿನಿಂದ ಇಳಿದ ಗೆರೆಯಲ್ಲಿ ಇಟ್ಟು, ಯಕೃತ್ತಿನ ಮೂಲಕ ಮೇಲಕ್ಕೂ ಹಿಂದಕ್ಕೂ ನೋಡಿ. ಎಡಕ್ಕೆ ಇನ್ನಷ್ಟು ಪಕ್ಕಕ್ಕೆ ಸರಿದು ಗುಲ್ಮದ ಮೂಲಕ ನೋಡಬೇಕು. ಗುಮ್ಮಟದ ಹಿಂಭಾಗ ಸ್ಪಷ್ಟವಾಗಿ ಕಂಡ ಮೇಲೆ ಎಂ-ಮೋಡ್ (ಒಂದೇ ಗೆರೆಯುದ್ದಕ್ಕೂ ಆಗುವ ಚಲನೆಯನ್ನು ಕಾಲದೊಂದಿಗೆ ತೋರಿಸುವ ಚಿತ್ರ) ಹಾಕಿ, ಗೆರೆ ಗುಮ್ಮಟಕ್ಕೆ ಆದಷ್ಟೂ ಲಂಬವಾಗಿ ಬೀಳಲಿ. ಓರೆಯಾದ ಗೆರೆಯ ಅಳತೆಯನ್ನು ನಂಬಬೇಡಿ. ನಿಮಿಷಕ್ಕೆ 50 ಉಸಿರಾಡುವ ಮಗುವಿನ ಒಂದು ಉಸಿರಿಗೆ 1.2 ಸೆಕೆಂಡ್, ಪರದೆಯ ವೇಗವನ್ನು 6 ಸೆಕೆಂಡಿಗೆ ಹೊಂದಿಸಿದರೆ ಐದು ಉಸಿರು ಸಿಗುತ್ತವೆ. ಕನಿಷ್ಠ ಮೂರನ್ನು ಅಳೆದು ಸರಾಸರಿ ತೆಗೆಯಿರಿ. ಉಸಿರೆಳೆತ ಯಾವುದು ಎಂಬುದನ್ನು ಪರದೆ ನೋಡಿ ಊಹಿಸಬೇಡಿ. ಜೊತೆಯವರು ಮಗುವಿನ ಎದೆ ನೋಡುತ್ತ ಪ್ರತಿ ಸಲ "ಒಳಗೆ" ಎಂದು ಹೇಳಲಿ. ಗೆರೆಯ ದಿಕ್ಕು ತಪ್ಪಾಗಿ ಓದಿ ಸೋತ ಗುಮ್ಮಟವನ್ನು ಒಳ್ಳೆಯದೆಂದು ಬರೆಯುವುದು ಇಲ್ಲಿ ಬಲು ಸುಲಭ.

ಓದುವುದು ಹೀಗೆ. ಉಸಿರೆಳೆದಾಗ ಗುಮ್ಮಟ ಪ್ರೋಬಿನ ಕಡೆಗೆ ಬರಬೇಕು, ಅಂದರೆ ಎಂ-ಮೋಡ್ ಗೆರೆ ಮೇಲೇರಬೇಕು. ಚಲನೆ 4 ಮಿ.ಮೀ.ಗಿಂತ ಹೆಚ್ಚಿದ್ದು, ಎರಡು ಕಡೆಯ ವ್ಯತ್ಯಾಸ ಅರ್ಧಕ್ಕಿಂತ ಕಡಿಮೆಯಿದ್ದರೆ ಸಹಜ. 4 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆಯಿದ್ದು, ವ್ಯತ್ಯಾಸ ಅರ್ಧ ಮೀರಿದರೆ ಬಲಗುಂದಿದೆ. ಗೆರೆ ಚಪ್ಪಟೆಯಾಗಿದ್ದರೆ ಚಲನೆಯೇ ಇಲ್ಲ. ಉಸಿರೆಳೆದಾಗ ಗೆರೆ ಕೆಳಗಿಳಿದರೆ ವಿರುದ್ಧ ಚಲನೆ. ಇನ್ನೊಂದು ಕಡೆ ಎಳೆದ ಒತ್ತಡಕ್ಕೆ ಸೋತ ಗುಮ್ಮಟ ಎದೆಯೊಳಕ್ಕೆ ಹೀರಿಕೊಳ್ಳುತ್ತಿದೆ ಎಂದರ್ಥ. ಉದಾಹರಣೆಗೆ ಬಲಕ್ಕೆ 9 ಮಿ.ಮೀ., ಎಡಕ್ಕೆ 2 ಮಿ.ಮೀ. ಸಿಕ್ಕರೆ ವ್ಯತ್ಯಾಸ 7. 9ರಲ್ಲಿ 7 ಎಂದರೆ ಸುಮಾರು ಶೇ. 78. ಎಡಗಡೆ ಬಲಗುಂದಿದೆ.

ಎಡ ಫ್ರೆನಿಕ್ ನರ ಹೃದಯದ ಹೊರಪೊರೆಗೆ ಅಂಟಿಕೊಂಡೇ ಇಳಿಯುತ್ತದೆ, ಬಲ ನರ ಮೇಲಿನ ಮಹಾಸಿರೆಯ ಪಕ್ಕದಲ್ಲಿರುತ್ತದೆ. ಹೃದಯದ ಶಸ್ತ್ರಚಿಕಿತ್ಸೆಯ ಎಳೆತ, ಕಾಟರಿಯ (ರಕ್ತ ನಿಲ್ಲಿಸಲು ಸುಡುವ ಸಾಧನ) ಕಾವು, ಹೃದಯ ತಂಪಿಡಲು ಹಾಕುವ ಮಂಜಿನ ತಣ್ಪು ಇವೆಲ್ಲ ನರವನ್ನು ಮಂಕಾಗಿಸಬಲ್ಲವು. ಎರಡನೇ ಸಲ ಎದೆ ತೆರೆದ ಮಕ್ಕಳಲ್ಲಿ ಅಂಟುಗಳನ್ನು ಬಿಡಿಸುವಾಗ ಅಪಾಯ ಹೆಚ್ಚು. ಒಳಕ್ಕೆ ಜಾಸ್ತಿ ಹೋದ ಡ್ರೇನಿನ ತುದಿಯೂ ನರವನ್ನು ಒತ್ತಬಹುದು. ಕಾರಣ ಅದೇ ಆಗಿದ್ದರೆ ಅದೃಷ್ಟ. ತುಸು ಹಿಂದಕ್ಕೆಳೆಯುವಂತೆ ಶಸ್ತ್ರವೈದ್ಯರಿಗೆ ಹೇಳಿ.

ಲಕ್ಷಣ: ವೆಂಟಿಲೇಟರ್‌ನಲ್ಲಿ ಎಲ್ಲ ಚೆನ್ನ, ಉಸಿರಿನ ಟ್ಯೂಬ್ ತೆಗೆದರೆ ಸೋಲು

ಎರಡನೇ ಸಲವೂ ಟ್ಯೂಬ್ ತೆಗೆದು ಮತ್ತೆ ಹಾಕಬೇಕಾಗಿ ಬಂದರೆ ವಪೆಯನ್ನು ನೋಡದೆ ಮೂರನೇ ಸಲಕ್ಕೆ ಕೈ ಹಾಕಬೇಡಿ. ಟ್ಯೂಬ್ ಇದ್ದಾಗಲೇ ನೋಡಬಹುದು, ಆದರೆ ಎಚ್ಚರ ಬೇಕು. ವೆಂಟಿಲೇಟರ್ ಗಾಳಿ ತಳ್ಳಿದಾಗ ಸತ್ತ ಗುಮ್ಮಟವೂ ಜೀವಂತ ಗುಮ್ಮಟದಂತೆ ಕೆಳಗಿಳಿಯುತ್ತದೆ. ಎಕ್ಸ್‌ರೇಯಲ್ಲೂ ಅದೇ ಮೋಸ. ಒತ್ತಡವಿರುವಷ್ಟು ಹೊತ್ತು ಎರಡೂ ಗುಮ್ಮಟ ಸಮ ಕಾಣುತ್ತವೆ.

ಆದ್ದರಿಂದ ಜವಾಬ್ದಾರಿಯ ವೈದ್ಯರು ಹಾಸಿಗೆಯ ಬಳಿ ನಿಂತಿರುವಾಗ ಪ್ರೆಷರ್ ಸಪೋರ್ಟ್ (ಪ್ರತಿ ಉಸಿರಿಗೆ ಯಂತ್ರ ಕೊಡುವ ಒತ್ತಡ) ಇಳಿಸಿ, 5 ಸೆಂ.ಮೀ. ನೀರಿನ ಸಿಪ್ಯಾಪ್ (ಉಸಿರಿನುದ್ದಕ್ಕೂ ಸಮನಾಗಿರುವ ಒತ್ತಡ) ಮಾತ್ರ ಉಳಿಸಿ, ಮಗು ತಾನಾಗಿ ಎಳೆದ 5ರಿಂದ 10 ಉಸಿರು ನೋಡಿ. ಪ್ರೋಬ್ ಜಾಗದಲ್ಲಿ ಕೂತು ಚಿತ್ರ ಸ್ಪಷ್ಟವಾದ ಮೇಲೆಯೇ ಒತ್ತಡ ಇಳಿಸಬೇಕು, ಇಳಿಸಿದ ಮೇಲೆ ಚಿತ್ರ ಹುಡುಕುತ್ತ ಕೂರಬಾರದು. ಸ್ಯಾಚುರೇಷನ್ ಇದ್ದುದಕ್ಕಿಂತ 5 ಇಳಿದರೆ ಅಥವಾ ಎದೆಬಡಿತ ಕುಸಿದರೆ ಅಲ್ಲಿಗೇ ನಿಲ್ಲಿಸಿ. ಎದೆ ಇನ್ನೂ ಮುಚ್ಚಿಲ್ಲದ ಮಗು, ಶ್ವಾಸಕೋಶದ ರಕ್ತದೊತ್ತಡ ಏರುವ ಮಗು, ನೈಟ್ರಿಕ್ ಆಕ್ಸೈಡ್ ಅನಿಲ ಪಡೆಯುತ್ತಿರುವ ಮಗು, ಹೆಚ್ಚಿನ ಆಮ್ಲಜನಕ ಬೇಕಿರುವ ಮಗು: ಇವರಿಗೆ ಈ ಪರೀಕ್ಷೆ ಇವತ್ತು ಬೇಡ.

ಇನ್ನೊಂದು ಗುಟ್ಟಿನ ತಪ್ಪು ಇದೆ. ವೆಂಟಿಲೇಟರ್ ಪರದೆಯಲ್ಲಿ "ಸ್ವಂತ ಉಸಿರು 35" ಎಂದು ಬರುತ್ತಿರುತ್ತದೆ, ನೋಡಿದರೆ ಟ್ಯೂಬಿನ ಸುತ್ತ ಗಾಳಿ ಸೋರಿಕೆಗೋ, ಕೊಳವೆಯಲ್ಲಿ ನಿಂತ ನೀರಿಗೋ, ಹೃದಯದ ಬಡಿತಕ್ಕೋ ಯಂತ್ರವೇ ತಾನಾಗಿ ಉಸಿರು ಕೊಡುತ್ತಿರುತ್ತದೆ. ಮಗು ಉಸಿರೆಳೆದರೆ ವಪೆ ದಪ್ಪವಾಗಬೇಕು; ಅದು ದಪ್ಪವಾಗದೆ ಯಂತ್ರ ಮಾತ್ರ ಕೊಡುತ್ತಿದ್ದರೆ ಅದು ಮಗುವಿನ ಉಸಿರಲ್ಲ. ಕೊಳವೆಯ ನೀರು ಚೆಲ್ಲಿ, ಸೋರಿಕೆ ನೋಡಿ, ಟ್ರಿಗರ್ (ಮಗು ಉಸಿರೆಳೆದದ್ದನ್ನು ಗುರುತಿಸುವ ಸೆಟ್ಟಿಂಗ್) ಸರಿಮಾಡಿಸಿ, ಆಮೇಲೆ ಮತ್ತೆ ನೋಡಿ.

ದಪ್ಪ ಅಳೆಯುವ ವಿಧಾನ ಬೇರೆ. 10 ಮೆಗಾಹರ್ಟ್ಸ್ ಮೀರಿದ ನೇರ ಪ್ರೋಬನ್ನು ಕಂಕುಳ ಗೆರೆಗೆ ತುಸು ಮುಂದೆ, 8ರಿಂದ 10ನೇ ಪಕ್ಕೆಗಳ ನಡುವೆ ಇಡಿ. ಎರಡು ಹೊಳೆಯುವ ಗೆರೆಗಳ ನಡುವೆ ಕಪ್ಪು ಪಟ್ಟಿ ಕಾಣುತ್ತದೆ. ಆ ಪಟ್ಟಿಯೇ ವಪೆ. ಉಸಿರು ಬಿಟ್ಟ ಕೊನೆಯಲ್ಲೊಮ್ಮೆ, ಎಳೆದ ಕೊನೆಯಲ್ಲೊಮ್ಮೆ ಅಳೆದು, ಹೆಚ್ಚಾದ ದಪ್ಪವನ್ನು ಮೊದಲಿನ ದಪ್ಪದಿಂದ ಭಾಗಿಸಿ. 1.6 ಮಿ.ಮೀ. ಇದ್ದದ್ದು 2.0 ಆದರೆ ಶೇ. 25. ಅದೇ ಜಾಗದಲ್ಲಿ ಕ್ಯಾಲಿಪರ್ (ಪರದೆಯ ಮೇಲಿನ ಅಳತೆ ಗುರುತು) 0.2 ಮಿ.ಮೀ. ಸರಿದು 1.8 ಎಂದು ಬಂದರೆ ಶೇ. 12.5. ಕೂದಲೆಳೆಯ ತಪ್ಪಿಗೆ ಉತ್ತರ ಅರ್ಧಕ್ಕೆ ಇಳಿಯಿತು. ದೊಡ್ಡವರಲ್ಲಿ ಶೇ. 20ಕ್ಕಿಂತ ಕಡಿಮೆಯಾದರೆ ವಪೆ ಪೂರ್ತಿ ಸೋತಿದೆ ಎಂದು ಶಂಕಿಸುತ್ತಾರೆ. ಆ ಗೆರೆಯನ್ನು ಹಸುಗೂಸಿನ ಮೇಲೆ ಹಾಗೆಯೇ ಎಳೆಯಬೇಡಿ. ಮಕ್ಕಳಲ್ಲಿ ದಪ್ಪದ ಅಂಕಿಗಿಂತ ಎಡ-ಬಲದ ಹೋಲಿಕೆ ಮತ್ತು ನಿನ್ನೆ-ಇವತ್ತಿನ ಹೋಲಿಕೆಗೆ ಬೆಲೆ ಹೆಚ್ಚು. ಇದಕ್ಕೇ ಚರ್ಮದ ಮೇಲೆ ಪ್ರೋಬ್ ಇಟ್ಟ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಬೇಕು.

ಲಕ್ಷಣ: ಎಕ್ಸ್‌ರೇಯಲ್ಲಿ ಒಂದು ಗುಮ್ಮಟ ಮೇಲೆ, ಅಥವಾ ಅದೇ ಕಡೆ ಶ್ವಾಸಕೋಶ ಮತ್ತೆ ಮತ್ತೆ ಕುಸಿತ

ಬಲ ಗುಮ್ಮಟ ಎಡಕ್ಕಿಂತ ತುಸು ಮೇಲಿರುವುದು ಸಹಜ. ಎಡ ಗುಮ್ಮಟ ಬಲಕ್ಕಿಂತ ಮೇಲಿದ್ದರೆ ಸಂಶಯ ಪಡಿ. ಆದರೆ ಏರಿದ ಗುಮ್ಮಟವೆಲ್ಲ ನರದ ದೋಷವಲ್ಲ. ಕೆಳಭಾಗ ಕುಸಿದ ಶ್ವಾಸಕೋಶ ಗುಮ್ಮಟವನ್ನು ಮೇಲಕ್ಕೆಳೆಯುತ್ತದೆ, ಗಾಳಿ ತುಂಬಿದ ಜಠರ ಮೇಲಕ್ಕೆ ತಳ್ಳುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಗುಮ್ಮಟದ ಮೇಲೆ ಕಪ್ಪು ನೀರಿದ್ದರೆ ಅದನ್ನು ಮೊದಲು ಅಳೆಯಿರಿ. ನೀರು ಬಹಳವಿದ್ದರೆ ಗುಮ್ಮಟ ತಿರುವುಮುರುವಾಗಿ ಕೆಳಕ್ಕೆ ಬಾಗುತ್ತದೆ, ವಿರುದ್ಧ ಚಲನೆಯನ್ನೂ ತೋರಿಸುತ್ತದೆ; ನೀರು ತೆಗೆದ ಮೇಲೆ ಅದೇ ಗುಮ್ಮಟ ಸರಿಯಾಗಿ ಆಡಬಹುದು. ಗ್ಲೆನ್, ಫಾಂಟಾನ್ (ದೇಹದ ಕೆಳಭಾಗದಿಂದ ಮರಳುವ ರಕ್ತವನ್ನೂ ನೇರ ಶ್ವಾಸಕೋಶಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆ) ಆದ ಮಕ್ಕಳಲ್ಲಿ ನೀರು ತುಂಬುವುದು ಸಾಮಾನ್ಯವಾದ್ದರಿಂದ ಅವರಲ್ಲಿ ನೀರು ತೆಗೆಯುವ ಮುನ್ನ ವಪೆ ಸೋತಿದೆ ಎಂದು ತೀರ್ಪು ಬರೆಯಬೇಡಿ.

ಹುಟ್ಟಿನಿಂದಲೇ ವಪೆಯಲ್ಲಿ ತೂತಿದ್ದು ಕೃತಕ ಪಟ್ಟಿ ಹಾಕಿ ಮುಚ್ಚಿದ ಮಗುವಿನಲ್ಲಿ ಆ ಪಟ್ಟಿ ಅಲುಗುವುದಿಲ್ಲ. ಅದರ ಪಕ್ಕದ ಸ್ನಾಯು ಅಲುಗುತ್ತಿದೆಯೇ ಎಂದು ನೋಡಬೇಕು. ಶಸ್ತ್ರಚಿಕಿತ್ಸೆಯ ಟಿಪ್ಪಣಿ ಓದದೆ ಪ್ರೋಬ್ ಇಟ್ಟವರು ಇಲ್ಲಿ ಎಡವುತ್ತಾರೆ.

ಲಕ್ಷಣ: ಎರಡೂ ಕಡೆ ಸಮವಾಗಿ ಮಂದ

ಹೋಲಿಕೆಯ ನಿಯಮ ಇಲ್ಲಿ ಕೈಕೊಡುತ್ತದೆ. ಬಲಕ್ಕೆ 2 ಮಿ.ಮೀ., ಎಡಕ್ಕೆ 2 ಮಿ.ಮೀ. ಇದ್ದರೆ ವ್ಯತ್ಯಾಸ ಸೊನ್ನೆ, ಮಗು ಮಾತ್ರ ಸೋಲುತ್ತಿದೆ. ಮೊದಲು ನಿದ್ರೆಯ ಔಷಧ, ನೋವು, ಲವಣಗಳನ್ನು ಮತ್ತೆ ನೋಡಿ. ಸ್ನಾಯು ಸಡಿಲಿಸುವ ಔಷಧ ಉಳಿದಿದೆ ಎಂಬ ಸಂಶಯವಿದ್ದರೆ ನರ ಚೋದಕದಿಂದ ಟ್ರೈನ್ ಆಫ್ ಫೋರ್ (ನರಕ್ಕೆ ನಾಲ್ಕು ಸಲ ವಿದ್ಯುತ್ ತಟ್ಟಿ ಸ್ನಾಯುವಿನ ಕೊನೆಯ ಸೆಳೆತವನ್ನು ಮೊದಲಿನದಕ್ಕೆ ಹೋಲಿಸುವ ಪರೀಕ್ಷೆ) ಅಳೆಯಿಸಿ, ಅನುಪಾತ 0.9 ಮುಟ್ಟಿರಬೇಕು. ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ: ಈ ಔಷಧದ ಪ್ರಭಾವದಿಂದ ವಪೆ ಬೇಗ ಹೊರಬರುತ್ತದೆ, ಗಂಟಲಿನ ಸ್ನಾಯು ತಡವಾಗಿ. ವಪೆ ಚೆನ್ನಾಗಿ ಆಡುತ್ತಿದೆ ಎಂದ ಮಾತ್ರಕ್ಕೆ ಔಷಧ ಪೂರ್ತಿ ಇಳಿದಿದೆ ಎನ್ನಲಾಗದು.

ಇವೆಲ್ಲ ಸರಿಯಿದ್ದೂ ಎರಡೂ ಕಡೆ ವಿರುದ್ಧ ಚಲನೆಯಿದ್ದರೆ ಅದು ಎರಡೂ ನರಗಳ ಪೆಟ್ಟು. ಅಂದೇ ಹಿರಿಯರಿಗೆ ತಿಳಿಸಬೇಕಾದ ವಿಷಯ, ಮರುದಿನದ ರೌಂಡ್ಸ್‌ಗೆ ಇಟ್ಟುಕೊಳ್ಳಬಾರದು. ಹಲವು ದಿನ ವೆಂಟಿಲೇಟರ್‌ನಲ್ಲಿದ್ದ ಮಗುವಿನ ವಪೆ ಕೆಲಸವಿಲ್ಲದೆ ತೆಳುವಾಗುವುದೂ ಉಂಟು. ದಿನದಿನದ ದಪ್ಪದ ಅಳತೆ ಬರೆದಿಟ್ಟಿದ್ದರೆ ಮಾತ್ರ ಅದು ಗೊತ್ತಾಗುತ್ತದೆ.

ಲಕ್ಷಣ: ತೋಳಿನ ಶಸ್ತ್ರಚಿಕಿತ್ಸೆಯ ನಂತರ ಏದುಸಿರು

ಕತ್ತಿನ ಬದಿಯಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟಿದ್ದರೆ ಔಷಧ ಅದೇ ಕಡೆಯ ಫ್ರೆನಿಕ್ ನರಕ್ಕೂ ಹರಡುತ್ತದೆ. ಕೈ ಮರಗಟ್ಟಿರುವಷ್ಟು ಹೊತ್ತು ಗುಮ್ಮಟವೂ ನಿಂತಿರುತ್ತದೆ. ಮಗುವನ್ನು ಒರಗಿಸಿ ಕೂರಿಸಿ, ಆಮ್ಲಜನಕ ಕೊಡಿ, ಕೈಗೆ ಸ್ಪರ್ಶ ಮರಳಿದ ಮೇಲೆ ಮತ್ತೆ ಸ್ಕ್ಯಾನ್ ಮಾಡಿ. ಶ್ವಾಸಕೋಶ ಜಾರುವ ಚಲನೆ ಆ ಕಡೆ ಕಾಣದಿದ್ದರೆ ಸೂಜಿ ತಾಗಿ ಗಾಳಿ ಸೋರಿದೆಯೇ ಎಂದು ತಕ್ಷಣ ನೋಡಬೇಕು.

ಲಕ್ಷಣ: ಅಳು ಗೊಗ್ಗರು, ಹಾಲು ಕುಡಿದರೆ ಕೆಮ್ಮು

ಇದು ವಪೆಯ ದೂರಲ್ಲ. ಧ್ವನಿಪೆಟ್ಟಿಗೆಯ ನರಕ್ಕೆ ಪೆಟ್ಟಾಗಿರಬಹುದು. ಬಾಯಿಯಿಂದ ಹಾಲು ಕೊಡುವುದನ್ನು ನಿಲ್ಲಿಸಿ ಇಎನ್‌ಟಿ ವೈದ್ಯರನ್ನು ಕರೆಯಿರಿ. ಈ ನರ, ಫ್ರೆನಿಕ್ ನರ ಎರಡೂ ಒಟ್ಟಿಗೆ ಕೆಟ್ಟಿರುವ ಮಕ್ಕಳೂ ಇರುತ್ತಾರೆ, ಆದ್ದರಿಂದ ವಪೆಯನ್ನೂ ನೋಡಿಬಿಡಿ.

ದೋಷ ಮಗುವಿನಲ್ಲಲ್ಲ, ಚಿತ್ರದಲ್ಲಿದ್ದರೆ

ಎಡಗಡೆ ಏನೂ ಕಾಣುತ್ತಿಲ್ಲವೇ? ಹೊಟ್ಟೆಯ ಗಾಳಿ ತೆಗೆದು, ಪ್ರೋಬನ್ನು ಬೆನ್ನಿನ ಕಡೆಗೆ ಸರಿಸಿ. ಎಡ ಗೆರೆಯಲ್ಲಿ ಸಣ್ಣ ಸಣ್ಣ ಅಲೆಗಳಿವೆಯೇ? ಎಣಿಸಿ. ನಿಮಿಷಕ್ಕೆ 130 ಬಂದು ಮಾನಿಟರಿನ ಎದೆಬಡಿತಕ್ಕೆ ತಾಳೆಯಾದರೆ ಅದು ಹೃದಯ ತಟ್ಟುವ ಅಲೆ, ಉಸಿರಲ್ಲ. ಈ ಅಲೆಯನ್ನೇ "2 ಮಿ.ಮೀ. ಚಲನೆ" ಎಂದು ಬರೆದರೆ ಪೂರ್ತಿ ನಿಂತ ಗುಮ್ಮಟ ತಪ್ಪಿಹೋಗುತ್ತದೆ. ಅಳತೆ ಪ್ರತಿ ಉಸಿರಿಗೂ ಎಗರಾಡುತ್ತಿದ್ದರೆ ಮಗು ಅಳುತ್ತಿದೆಯೇ ನೋಡಿ. ಸಮಾಧಾನ ಮಾಡಿ, ತಾಯಿಯ ಕೈ ತಲೆಯ ಮೇಲಿರಲಿ, ನಿದ್ರೆ ಬಂದ ಮೇಲೆ ಮುಂದುವರಿಸಿ. ಹತ್ತು ನಿಮಿಷದಲ್ಲಿ ಚಿತ್ರ ಸಿಗದಿದ್ದರೆ ಮುಚ್ಚಿಡಿ. ಹೊದಿಕೆ ಇಲ್ಲದ ಹಸುಗೂಸು ಬೇಗ ತಣ್ಣಗಾಗುತ್ತದೆ.

ಸೋತಿದೆ ಎಂದು ಖಚಿತವಾದ ಮೇಲೆ

ನರ ಕತ್ತರಿಸಿಲ್ಲದಿದ್ದರೆ ವಾರಗಳಲ್ಲೋ ತಿಂಗಳುಗಳಲ್ಲೋ ಚೇತರಿಸಿಕೊಳ್ಳಬಹುದು. ಅಲ್ಲಿಯವರೆಗೆ ಸಿಪ್ಯಾಪ್, ತಲೆಭಾಗ ಎತ್ತರ, ಕಫ ತೆಗೆಯುವ ಫಿಸಿಯೋಥೆರಪಿ, ಸಾಕಷ್ಟು ಪೋಷಣೆ. ದೊಡ್ಡ ಮಗು, ಒಂದೇ ಕಡೆ, ಲಕ್ಷಣ ಕಡಿಮೆ ಎಂದಾದರೆ ಕಾಯಬಹುದು. ಒಂದು ವರ್ಷದೊಳಗಿನ ಮಗು ವಿರುದ್ಧ ಚಲನೆಯಿಂದ ಟ್ಯೂಬ್ ಬಿಡಲಾರದಿದ್ದರೆ, ಇಲ್ಲವೇ ಗ್ಲೆನ್ ಅಥವಾ ಫಾಂಟಾನ್ ಆದ ಮಗುವಿನಲ್ಲಿ ಹೀಗಾದರೆ, ಶಸ್ತ್ರವೈದ್ಯರ ಜೊತೆ ಪ್ಲಿಕೇಶನ್ ಮಾತು ಬೇಗ ಎತ್ತಿ. ಗ್ಲೆನ್, ಫಾಂಟಾನ್ ಆದ ಮಕ್ಕಳಲ್ಲಿ ಶ್ವಾಸಕೋಶಕ್ಕೆ ರಕ್ತ ತಳ್ಳುವ ಕೋಣೆಯೇ ಇರುವುದಿಲ್ಲ. ಉಸಿರೆಳೆತದ ಸೆಳೆತವೇ ರಕ್ತವನ್ನು ಒಯ್ಯಲು ನೆರವಾಗುತ್ತದೆ. ಸಡಿಲಗೊಂಡ ಗುಮ್ಮಟವನ್ನು ಸೀರೆಯ ನೆರಿಗೆಯಂತೆ ಮಡಿಸಿ ಬಿಗಿಯಾಗಿ ಹೊಲಿಯುವುದೇ ಪ್ಲಿಕೇಶನ್. ಅದು ಚಲನೆ ಮರಳಿಸುವುದಿಲ್ಲ, ಹಿಂದುಮುಂದಾಗಿ ಹಾರುವುದನ್ನು ನಿಲ್ಲಿಸುತ್ತದೆ ಅಷ್ಟೇ. ಮುಂದಿನ ಸ್ಕ್ಯಾನ್‌ನಲ್ಲಿ ಆ ಗುಮ್ಮಟ ಚಪ್ಪಟೆಯಾಗಿ ನಿಂತಿದ್ದರೆ ಶಸ್ತ್ರಚಿಕಿತ್ಸೆ ಸೋತಿತು ಎಂದು ಬರೆಯಬೇಡಿ.

ಮನೆಗೆ ಕಳಿಸುವಾಗ ತಾಯಿಗೆ ಬಿಡಿಸಿ ಹೇಳಿ: "ಅಮ್ಮಾ, ಪಾಪು ಹಾಲು ಎಳೆಯುವಾಗ ಬೆವರಿ ನಡುನಡುವೆ ಬಿಟ್ಟುಬಿಟ್ಟರೆ, ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆದರೆ, ತೂಕ ಏರದಿದ್ದರೆ ಮುಂದಿನ ತಾರೀಕಿನವರೆಗೆ ಕಾಯಬೇಡಿ, ಅವತ್ತೇ ಕರೆದುಕೊಂಡು ಬನ್ನಿ." ತುಟಿ ನೀಲಿಯಾದರೆ ಹತ್ತಿರದ ಯಾವ ಆಸ್ಪತ್ರೆಯಾದರೂ ಸರಿ, 108ಕ್ಕೆ ಕರೆ ಮಾಡಲಿ.

ವರದಿಯಲ್ಲಿ ಅಂಕಿಗಳ ಜೊತೆ ಇಷ್ಟು ಇರಲಿ: ಮಗು ಎಚ್ಚರವೋ ನಿದ್ರೆಯೋ, ಮಲಗಿತ್ತೋ ಒರಗಿತ್ತೋ, ವೆಂಟಿಲೇಟರ್ ಒತ್ತಡ ಎಷ್ಟಿತ್ತು, ಕೊನೆಯ ನಿದ್ರೆಯ ಔಷಧ ಎಷ್ಟು ಗಂಟೆಗೆ, ಎಡ-ಬಲ ಎರಡರ ಚಲನೆ ಮತ್ತು ದಿಕ್ಕು. ಎರಡು ಅಥವಾ ಮೂರು ದಿನ ಬಿಟ್ಟು ಅದೇ ಭಂಗಿಯಲ್ಲಿ, ಅದೇ ಒತ್ತಡದಲ್ಲಿ, ಸಾಧ್ಯವಾದರೆ ಅದೇ ಕೈಯಿಂದ ಮತ್ತೆ ನೋಡಿ. ಮುಗಿದ ಮೇಲೆ ಪ್ರೋಬಿನ ಜೆಲ್ ಒರೆಸಿ, ತಯಾರಕರು ಹೇಳಿದ ಸೋಂಕುನಿವಾರಕದಲ್ಲಿ ಶುಚಿಮಾಡಿ, ಒಣಗಿದ ಬಳಿಕವೇ ಮುಂದಿನ ಹಾಸಿಗೆಗೆ ಒಯ್ಯಿರಿ.